ನೆಲ ತಮಿಳುನಾಡಿನದು, ಅರಮನೆ ಕೇರಳದ್ದು: ಪದ್ಮನಾಭಪುರಂ ನೋಡಲು ಹೋಗುವವರಿಗೆ

ಕನ್ಯಾಕುಮಾರಿಯಿಂದ ತಿರುವನಂತಪುರದ ಕಡೆಗೆ ಹೋಗುವ ಬಸ್ಸು ನಾಗರಕೋವಿಲ್ ದಾಟಿದ ಮೇಲೆ ತಕ್ಕಲೈ ಎಂಬ ಊರಿನಲ್ಲಿ ನಿಲ್ಲುತ್ತದೆ. ಇದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆ. ಅಲ್ಲಿಂದ ಎರಡು ಕಿಲೋಮೀಟರಿನಷ್ಟು ಒಳಗೆ ಹೋದರೆ ಹಳೆಯ ಕಲ್ಲಿನ ಕೋಟೆ ಗೋಡೆ, ಅದರೊಳಗೆ ಒಂದು ಪುಟ್ಟ ಪೇಟೆ, ಪೇಟೆಯ ನಡುವೆ ಹೆಂಚಿನ ಮಾಡಿನ ದೊಡ್ಡ ಮನೆಯಂಥ ಅರಮನೆ. ಬಾಗಿಲಲ್ಲಿ ಟಿಕೆಟ್ ಕೊಡುವವರು ಮಾತ್ರ ಕೇರಳ ಸರಕಾರದವರು. ಅರಮನೆಯ ಒಳಗೆ ಅಧಿಕಾರ ಕೇರಳದ ಪುರಾತತ್ವ ಇಲಾಖೆಯದು. ಹೊರಗೆ ಕಾಲಿಟ್ಟರೆ ತಮಿಳುನಾಡಿನ ಪುರಸಭೆ, ತಮಿಳುನಾಡಿನ ಪೊಲೀಸು.

ಹೀಗೇಕೆ ಎಂಬುದು ನಮ್ಮ ಗಡಿನಾಡಿನ ಓದುಗರಿಗೆ ಬೇಗ ಅರ್ಥವಾಗುತ್ತದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣೆ ಕಾಯಿದೆಯ ಪ್ರಕಾರ, ತಿರುವಾಂಕೂರಿನ ದಕ್ಷಿಣ ತುದಿಯ ತೋವಾಳ, ಅಗಸ್ತೀಶ್ವರಂ, ಕಲ್ಕುಳಂ, ವಿಳವಂಗೋಡು ತಾಲೂಕುಗಳು ಮದರಾಸು ರಾಜ್ಯಕ್ಕೆ ಹೋದವು. ಉತ್ತರದ ತುದಿಯಲ್ಲಿ ಕೇರಳಕ್ಕೆ ಬಂದದ್ದು ಒಂದು, ದಕ್ಷಿಣದ ತುದಿಯಲ್ಲಿ ಕೈಬಿಟ್ಟು ಹೋದದ್ದು ಇನ್ನೊಂದು. ಹಾಗೆ ಹೋದ ಕಲ್ಕುಳಂ ತಾಲೂಕಿನಲ್ಲೇ ತಿರುವಾಂಕೂರು ರಾಜರ ಹಳೆಯ ರಾಜಧಾನಿ ಇತ್ತು. ನೆಲ ಹೋಯಿತು, ಆದರೆ ಅರಮನೆಯನ್ನು ಕೇರಳ ತನ್ನ ಕೈಯಲ್ಲೇ ಉಳಿಸಿಕೊಂಡಿತು. ಸುಮಾರು ಆರೂವರೆ ಎಕರೆಯ ಈ ಅರಮನೆ ಆವರಣವನ್ನು ಇಂದಿಗೂ ಕೇರಳವೇ ನೋಡಿಕೊಳ್ಳುತ್ತಿದೆ.

ಇದೇನೂ ಸುಲಭದಲ್ಲಿ ಆದ ಗಡಿಯಲ್ಲ. ತಮಿಳು ಮಾತಾಡುವ ತಾಲೂಕುಗಳು ಮದರಾಸಿಗೆ ಸೇರಬೇಕೆಂದು ಇಲ್ಲಿ ವರ್ಷಗಟ್ಟಲೆ ಚಳವಳಿ ನಡೆಯಿತು. ನೇಶಮಣಿಯವರು ಅದರ ದೊಡ್ಡ ನಾಯಕರು. 1954ರ ಆಗಸ್ಟ್ 11ರಂದು ಮಾರ್ತಾಂಡಂ ಮತ್ತು ಪುದುಕಡೈಯಲ್ಲಿ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಮಾರ್ತಾಂಡಂ ಅರಮನೆಯಿಂದ ದೂರವೇನೂ ಇಲ್ಲ, ತಿರುವನಂತಪುರದಿಂದ ಬರುವಾಗ ಅದೇ ಹೆದ್ದಾರಿಯಲ್ಲಿ ಸಿಗುವ ಊರು. ಅಷ್ಟೆಲ್ಲ ಆದ ಮೇಲೂ ಅರಮನೆಯ ವಿಷಯದಲ್ಲಿ ಎರಡು ರಾಜ್ಯಗಳು ಒಂದು ರಾಜಿಗೆ ಬಂದವು, ಅದು ಇಷ್ಟು ವರ್ಷ ಬಾಳಿದೆ ಎಂಬುದೇ ಈ ಜಾಗವನ್ನು ನೋಡಲು ಹೋಗುವುದಕ್ಕೆ ಮೊದಲ ಕಾರಣ.

ಯಾರು ಕಟ್ಟಿದ್ದು?

ತಿರುವಾಂಕೂರಿಗೆ ಮೊದಲು ಈ ರಾಜ್ಯಕ್ಕೆ ವೇಣಾಡು ಎಂದು ಹೆಸರು. ಊರಿನ ಹೆಸರು ಕಲ್ಕುಳಂ. 1592ರಿಂದ 1609ರವರೆಗೆ ಆಳಿದ ಇರವಿ ವರ್ಮ ಕುಲಶೇಖರ ಪೆರುಮಾಳ್ ಸುಮಾರು 1601ರಲ್ಲಿ ಇಲ್ಲಿ ಅರಮನೆ ಕಟ್ಟಿಸಿದನೆಂದು ಹೇಳುತ್ತಾರೆ. ಒಳಗಿರುವ ತಾಯ್ ಕೊಟ್ಟಾರಂ ಅದಕ್ಕೂ ಹಳೆಯದೆಂದು ಲೆಕ್ಕ. ಈಗ ಕಾಣುವ ರೂಪ ಬಂದದ್ದು ಅನಿಳಂ ತಿರುನಾಳ್ ಮಾರ್ತಾಂಡ ವರ್ಮನ ಕಾಲದಲ್ಲಿ (1729-1758). ಸಣ್ಣ ಸಣ್ಣ ಸಂಸ್ಥಾನಗಳನ್ನು ಒಂದೊಂದಾಗಿ ಗೆದ್ದು ರಾಜ್ಯ ಬೆಳೆಸಿದವನು ಅವನು. ಕರಿಮೆಣಸಿನ ವ್ಯಾಪಾರವನ್ನು ಸರಕಾರದ ಹಿಡಿತಕ್ಕೆ ತಂದವನೂ ಅವನೇ. 1741ರಲ್ಲಿ ಹತ್ತಿರದ ಕುಳಚ್ಚಲ್ ಕಡಲ ತೀರದಲ್ಲಿ ಡಚ್ಚರ ಸೈನ್ಯವನ್ನು ಸೋಲಿಸಿದ. 1750ರಲ್ಲಿ ಇಡೀ ರಾಜ್ಯವನ್ನೇ ಶ್ರೀ ಪದ್ಮನಾಭಸ್ವಾಮಿಗೆ ಒಪ್ಪಿಸಿ, ತಾನು ದೇವರ ದಾಸನಾಗಿ ಆಳುವುದಾಗಿ ಘೋಷಿಸಿದ. ಕಲ್ಕುಳಂಗೆ ಪದ್ಮನಾಭಪುರಂ ಎಂಬ ಹೆಸರು ಬಂದದ್ದು ಆ ದೇವರಿಂದ.

ಅವನ ನಂತರ ಬಂದ ಕಾರ್ತಿಕ ತಿರುನಾಳ್ ರಾಮ ವರ್ಮನಿಗೆ ಧರ್ಮರಾಜ ಎಂದೂ ಹೆಸರು. ಟಿಪ್ಪು ಸುಲ್ತಾನನ ಮೈಸೂರು ಸೈನ್ಯ 1789ರ ಡಿಸೆಂಬರಿನಲ್ಲಿ ಉತ್ತರದ ನೆಡುಂಕೋಟ್ಟೆಯ ಮೇಲೆ ಬಿದ್ದಾಗ ತಿರುವಾಂಕೂರನ್ನು ಆಳುತ್ತಿದ್ದವನು ಇವನೇ. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋಯಿತು. ಅಲ್ಲಿಂದ ಪದ್ಮನಾಭಪುರಂ ಅರಮನೆಯ ವೈಭವ ಇಳಿಯಿತು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು ಎನ್ನಬೇಕು. ರಾಜಧಾನಿ ಇಲ್ಲೇ ಉಳಿದಿದ್ದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನೂ ಒಡೆದು ಇಂಗ್ಲಿಷ್ ಮಾದರಿಯ ಗಾರೆ ಕಂಬದ ಬಂಗಲೆ ಎಬ್ಬಿಸುತ್ತಿದ್ದರೇನೋ. 1930ರ ದಶಕದಲ್ಲಿ, ಚಿತ್ತಿರ ತಿರುನಾಳ್ ಬಲರಾಮ ವರ್ಮ ಆಳುತ್ತಿದ್ದಾಗ, ತಿರುವಾಂಕೂರಿನ ಪುರಾತತ್ವ ಇಲಾಖೆ ಅರಮನೆಯನ್ನು ರಿಪೇರಿ ಮಾಡಿ ಸಂರಕ್ಷಿಸಿತು. ಇಲಾಖೆಯ ಆರ್. ವಾಸುದೇವ ಪೊದುವಾಳರ ಹೆಸರು ಆ ಕೆಲಸದ ಜೊತೆ ಸೇರಿಕೊಂಡಿದೆ. 2014ರ ಏಪ್ರಿಲ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಇದು ಸೇರಿತು. ತಾತ್ಕಾಲಿಕ ಪಟ್ಟಿ ಎಂದರೆ ಅರ್ಜಿ ಹಾಕಿದ ಹಾಗೆ ಅಷ್ಟೇ, ಅಂತಿಮ ಮಾನ್ಯತೆ ಅಲ್ಲ.

ಒಳಗೆ ಹೋದ ಮೇಲೆ

ಮೈಸೂರು ಅರಮನೆ ನೋಡಿದವರು ಅದೇ ನಿರೀಕ್ಷೆ ಇಟ್ಟುಕೊಂಡು ಇಲ್ಲಿಗೆ ಬಂದರೆ ನಿರಾಸೆಯಾದೀತು. ಇಲ್ಲಿ ಗುಮ್ಮಟವಿಲ್ಲ, ಚಿನ್ನದ ಬಣ್ಣವಿಲ್ಲ, ದೀಪದ ಗೊಂಚಲಿಲ್ಲ. ಮರ, ಮುರಕಲ್ಲು, ಹೆಂಚು, ಗಾರೆ. ಕಾಸರಗೋಡು ಕಡೆಯ ದೊಡ್ಡ ತರವಾಡು ಮನೆ ಅಥವಾ ಗುತ್ತಿನ ಮನೆಯನ್ನು ಹತ್ತು ಪಟ್ಟು ಮಾಡಿ, ಒಂದಕ್ಕೊಂದು ಅಂಟಿಸಿ, ನಡುನಡುವೆ ಅಂಗಳ ಬಿಟ್ಟರೆ ಹೇಗೋ ಹಾಗೆ. ಬಾಗಿಲುಗಳು ತಗ್ಗು, ತಲೆ ಬಗ್ಗಿಸಿಯೇ ಹೋಗಬೇಕು. ಚಪ್ಪಲಿ ಹೊರಗೆ ಬಿಡಬೇಕು, ಅದು ಕಡ್ಡಾಯ. ಮರದ ಏಣಿ, ಮರದ ಅಟ್ಟ, ಗಾರೆ ನೆಲ ಎಲ್ಲವೂ ಪ್ರತಿದಿನ ಬರುವ ಜನರ ಕಾಲಿನ ಕೆಳಗೆ ಸವೆಯುವಂಥವು.

ನೋಡುವ ಕ್ರಮ ಒಂದೇ ದಾರಿಯದು. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳಬೇಕು. ಒಬ್ಬನೇ ಗೈಡು ಕೊನೆಯ ತನಕ ಜೊತೆಗೆ ಬರುವ ಪದ್ಧತಿ ಇಲ್ಲಿಲ್ಲ. ಮುಖ್ಯ ಕೋಣೆಗಳಲ್ಲಿ ಇಲಾಖೆಯ ನೌಕರರು ನಿಂತಿರುತ್ತಾರೆ, ಗುಂಪು ಬಂದಂತೆ ಆ ಕೋಣೆಯ ವಿಷಯ ಹೇಳಿ ಮುಂದೆ ಕಳಿಸುತ್ತಾರೆ. ಮಲಯಾಳಂ ಅಥವಾ ತಮಿಳು ಬಲ್ಲವರಿಗೆ ಇದು ದೊಡ್ಡ ಅನುಕೂಲ. ನಮ್ಮಲ್ಲಿ ಕಾಸರಗೋಡು, ವಯನಾಡಿನವರು ಮಲಯಾಳಂನಲ್ಲಿ, ಹೊಸೂರು, ತಾಳವಾಡಿ, ನೀಲಗಿರಿಯವರು ತಮಿಳಿನಲ್ಲಿ ಪ್ರಶ್ನೆ ಕೇಳಬಹುದು. ಕೇಳಿದರೆ ಹೆಚ್ಚು ಹೇಳುತ್ತಾರೆ, ಸುಮ್ಮನಿದ್ದರೆ ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ.

ಮೊದಲು ಸಿಗುವುದು ಪೂಮುಖಂ, ನಮ್ಮ ಲೆಕ್ಕದಲ್ಲಿ ಮುಂದಿನ ಚಾವಡಿ. ಅದರ ಮರದ ಮುಚ್ಚಿಗೆಯಲ್ಲಿ 90 ಹೂಗಳ ಕೆತ್ತನೆ ಇದೆ, ಒಂದರ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ಕೆಳಗೆ ನುಣುಪಾದ ಕರಿಕಲ್ಲಿನ ಮಂಚ, ಚೀನೀ ವ್ಯಾಪಾರಿಗಳು ಕೊಟ್ಟದ್ದೆನ್ನುವ ಕೆತ್ತನೆ ಕುರ್ಚಿ, ಗೋಡೆಯಲ್ಲಿ ಓಣಂ ಹಬ್ಬದ ಕಾಣಿಕೆಯಾಗಿ ಬಂದ ಓಣವಿಲ್ಲು ಎಂಬ ಬಣ್ಣದ ಬಿಲ್ಲುಗಳು. ಕುದುರೆ ಸವಾರನ ಆಕಾರದ ತೂಗುದೀಪವನ್ನು ಮರೆಯದೆ ನೋಡಿ. ಯಾವ ಕಡೆಗೆ ತಿರುಗಿಸಿ ಬಿಟ್ಟರೂ ಹಾಗೆಯೇ ನಿಲ್ಲುವಂತೆ ಅದರ ಸರಪಳಿಯ ಕೊಂಡಿಗಳಿವೆ ಎಂದು ಹೇಳುತ್ತಾರೆ.

ಮೇಲೆ ಮಂತ್ರಶಾಲೆ. ರಾಜ ಮಂತ್ರಿಗಳನ್ನು ಕೂರಿಸಿಕೊಂಡು ಆಲೋಚನೆ ಮಾಡುತ್ತಿದ್ದ ಜಾಗ. ಹೊರಗೆ ಎಷ್ಟು ಸೆಕೆ ಇದ್ದರೂ ಒಳಗೆ ತಂಪು. ಮರದ ಸರಳುಗಳ ಸಂದಿನಿಂದ ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಕಿಟಕಿಗಳಲ್ಲಿ ಬಣ್ಣದ ಅಭ್ರಕದ ಹಾಳೆಗಳು. ನೆಲವಂತೂ ಕಪ್ಪು ಕನ್ನಡಿ. ಸುಣ್ಣ, ಸುಟ್ಟ ತೆಂಗಿನ ಕರಟ, ಮೊಟ್ಟೆಯ ಬಿಳಿ, ಗಿಡದ ರಸ ಇತ್ಯಾದಿ ಸೇರಿಸಿ ತಿಕ್ಕಿ ತಿಕ್ಕಿ ಮಾಡಿದ್ದೆಂದು ವಿವರಣೆ. ಪಾಕದ ವಿವರ ಹೇಳುವವರ ಬಾಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗುತ್ತದೆ, ಹೊಳಪು ಮಾತ್ರ ಕಣ್ಣೆದುರಿಗೇ ಇದೆ. ನಮ್ಮ ಅಜ್ಜಂದಿರ ಮನೆಯ ಗಾರೆ ನೆಲವನ್ನು ಒಡೆದು ಟೈಲ್ಸ್ ಹಾಕಿಸಿದವರು ಇಲ್ಲಿ ಒಂದು ಗಳಿಗೆ ನಿಲ್ಲಬಹುದು.

ಪಕ್ಕದಲ್ಲೇ ಮಣಿಮೇಡ ಎಂಬ ಗಡಿಯಾರ ಗೋಪುರ. ತೂಕದ ಗುಂಡುಗಳಿಂದ ನಡೆಯುವ ಹಳೆಯ ಗಡಿಯಾರ ಅಲ್ಲಿದೆ. ಮುಂದೆ ಊಟ್ಟುಪುರ, ಹೆಸರೇ ಹೇಳುವಂತೆ ಊಟದ ಮನೆ. ಎರಡಂತಸ್ತಿನ ಉದ್ದನೆಯ ಸಾಲೆ. ಏಕಕಾಲಕ್ಕೆ ಸುಮಾರು ಸಾವಿರ ಜನ ಕೂತು ಉಣ್ಣುತ್ತಿದ್ದರಂತೆ. ಉಪ್ಪಿನಕಾಯಿ ಇಡುತ್ತಿದ್ದ ಆಳೆತ್ತರದ ಚೀನೀ ಭರಣಿಗಳು ಮಕ್ಕಳಿಗೆ ಬಹಳ ಇಷ್ಟವಾಗುತ್ತವೆ.

ಆ ಸಾವಿರ ಎಲೆಗಳಲ್ಲಿ ಯಾರು ಉಣ್ಣುತ್ತಿದ್ದರು ಎಂಬುದನ್ನೂ ಕೇಳಬೇಕಲ್ಲ. ಅದು ಬ್ರಾಹ್ಮಣ ಸಂತರ್ಪಣೆ. ಇದೇ ದಕ್ಷಿಣ ತಿರುವಾಂಕೂರಿನ ಊರುಗಳಲ್ಲಿ ನಾಡಾರ್ ಹೆಂಗಸರಿಗೆ ಎದೆಯ ಮೇಲೆ ಸೆರಗು ಹಾಕುವ ಹಕ್ಕೂ ಇರಲಿಲ್ಲ. ಅದಕ್ಕಾಗಿ ದಶಕಗಳ ಕಾಲ ಹೋರಾಡಿದ ಮೇಲೆ 1859ರಲ್ಲಿ ರಾಜನ ಆಜ್ಞೆಯಿಂದ ರವಿಕೆ ತೊಡಲು ಅವಕಾಶ ಸಿಕ್ಕಿತು. ಆವರಣದಲ್ಲಿರುವ ಮ್ಯೂಸಿಯಂನಲ್ಲಿ ಮನುಷ್ಯನ ಆಕಾರದ ಒಂದು ಕಬ್ಬಿಣದ ಪಂಜರ ಇದೆ. ಶಿಕ್ಷೆಯಾದವನನ್ನು ಅದರಲ್ಲಿ ಹಾಕಿ ತೂಗುಹಾಕುತ್ತಿದ್ದರು. ಹೂವಿನ ಕೆತ್ತನೆ ನೋಡಿ ಬಂದ ಕಣ್ಣು ಆ ಪಂಜರವನ್ನೂ ನೋಡಲಿ, ಎರಡೂ ಒಂದೇ ಅರಮನೆಯವು.

ಮಾತು ಗೊತ್ತಿದ್ದರೆ ದಾರಿ ಗೊತ್ತು

ಕನ್ನಡದ ಕಿವಿಗೆ ಇಲ್ಲಿನ ಹೆಸರುಗಳು ಹೊಸವಲ್ಲ. ಕೊಟ್ಟಾರಂ ಎಂದರೆ ಮಲಯಾಳಂನಲ್ಲಿ ಅರಮನೆ, ಕನ್ನಡದಲ್ಲಿ ಕೊಟ್ಟಾರ ಎಂದರೆ ದವಸದ ಕಣಜ. ರಾಜನ ಮನೆಗೂ ಬತ್ತ ತುಂಬುವ ಮನೆಗೂ ಒಂದೇ ಶಬ್ದ. ನಾಲ್ಕಂತಸ್ತಿನ ಕಟ್ಟಡಕ್ಕೆ ಉಪ್ಪಿರಿಕ್ಕ ಮಾಳಿಗ ಎಂದು ಹೆಸರು, ನಮ್ಮ ಉಪ್ಪರಿಗೆ, ಮಾಳಿಗೆ ಎರಡೂ ಅದರಲ್ಲಿವೆ. ಬೀದಿಯ ಕಡೆಗೆ ಚಾಚಿದ ಮರದ ಗವಾಕ್ಷಿಯೊಂದಕ್ಕೆ ಅಂಬಾರಿ ಮುಖಪ್ಪ್ ಎನ್ನುತ್ತಾರೆ. ಆನೆಯ ಮೇಲಿನ ಅಂಬಾರಿಯಂತೆಯೇ ಇದೆ. ರಾಜ ಅಲ್ಲಿ ಕೂತು ಮೆರವಣಿಗೆ ನೋಡುತ್ತಿದ್ದನಂತೆ.

ತಾಯ್ ಕೊಟ್ಟಾರಂ ಎಂದರೆ ತಾಯಿ ಅರಮನೆ. ನಾಲ್ಕು ಕಡೆ ಜಗಲಿ, ನಡುವೆ ಅಂಗಳವಿರುವ ನಾಲುಕೆಟ್ಟು, ಅಂದರೆ ನಮ್ಮ ತೊಟ್ಟಿ ಮನೆ. ಅದರ ಏಕಾಂತ ಮಂಟಪದಲ್ಲಿ ಒಂದೇ ಹಲಸಿನ ಮರದಿಂದ ಕಡೆದ ಕಂಬವಿದೆ, ಕುಸುರಿ ಕೆಲಸ ಬಹಳ ಸೂಕ್ಷ್ಮ. ತಿರುವಾಂಕೂರಿನಲ್ಲಿ ಪಟ್ಟ ಬರುತ್ತಿದ್ದುದು ಮಗನಿಗಲ್ಲ, ಸೋದರಳಿಯನಿಗೆ. ತುಳುನಾಡಿನ ಅಳಿಯಕಟ್ಟು ಬಲ್ಲ ಕಾಸರಗೋಡಿನವರಿಗೆ ತಾಯಿಯ ಹೆಸರಿನ ಈ ಮನೆ ಯಾಕೆ ಮುಖ್ಯ ಎಂದು ವಿವರಿಸಬೇಕಾಗಿಲ್ಲ.

ಉಪ್ಪರಿಗೆ ಮಾಳಿಗೆಯ ಕೆಳಗೆ ಖಜಾನೆ, ಅದರ ಮೇಲೆ ರಾಜನ ಮಲಗುವ ಕೋಣೆ. ಅಲ್ಲಿರುವ ಮಂಚ 64 ಬಗೆಯ ಔಷಧಿ ಮರಗಳಿಂದ ಮಾಡಿದ್ದು, ಡಚ್ಚರು ಕೊಟ್ಟದ್ದು ಎಂದು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದವರು ಯಾರೋ! ಎಲ್ಲಕ್ಕಿಂತ ಮೇಲಿನ ಅಂತಸ್ತು ಪೂಜಾ ಕೋಣೆ. ಗೋಡೆ ತುಂಬ ಹದಿನೆಂಟನೆಯ ಶತಮಾನದ ಚಿತ್ರಗಳು, ಅನಂತಶಯನ ಪದ್ಮನಾಭ ಮುಖ್ಯ ಚಿತ್ರ. ಇದು ಅರಮನೆಯ ಅತಿ ಬೆಲೆಬಾಳುವ ಕೋಣೆ, ಆದ್ದರಿಂದಲೇ ಸಾಮಾನ್ಯ ಪ್ರವಾಸಿಗರನ್ನು ಅಲ್ಲಿಗೆ ಬಿಡುವುದಿಲ್ಲ. ಜನರ ಉಸಿರಿನ ತೇವ, ಏಣಿಯ ಮೇಲಿನ ಭಾರ ಎರಡೂ ಅಪಾಯ. ಇಷ್ಟು ದೂರ ಬಂದು ನೋಡಲಾಗಲಿಲ್ಲವೆಂದು ಬೇಸರವಾಗುತ್ತದೆ, ಆದರೆ ಮುಚ್ಚಿದ್ದು ಸರಿಯೇ.

ಅಂಗಳದಲ್ಲಿ ಒಂದು ಗುಂಡುಕಲ್ಲು ಇದೆ. ಸೈನ್ಯಕ್ಕೆ ಸೇರಬೇಕಾದವರು ಸುಮಾರು 38 ಕಿಲೋ ತೂಕದ ಅದನ್ನು ತಲೆಯ ಮೇಲಕ್ಕೆ 101 ಸಲ ಎತ್ತಬೇಕಿತ್ತೆಂದು ಪ್ರತೀತಿ. ಪ್ರಯತ್ನಿಸಲು ಹೋಗಬೇಡಿ.

ಸಿನಿಮಾ ನೋಡುವವರಿಗೆ ಇನ್ನೊಂದು ಗುರುತು. ಮಲಯಾಳಂನ 'ಮಣಿಚಿತ್ರತ್ತಾಳ್' (1993) ಚಿತ್ರದ ಕೆಲವು ದೃಶ್ಯಗಳನ್ನು ಇಲ್ಲಿ, ಇನ್ನು ಕೆಲವನ್ನು ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್‌ನಲ್ಲಿ ತೆಗೆದರು. ಕನ್ನಡದಲ್ಲಿ ಅದೇ ಕತೆ 2004ರಲ್ಲಿ 'ಆಪ್ತಮಿತ್ರ' ಆಯಿತು. ನಾಗವಲ್ಲಿಯ ಮೂಲ ಮನೆ ಎಂದರೆ ಹುಡುಗರು ಬೇಗ ಹೊರಡುತ್ತಾರೆ.

ವರ್ಷಕ್ಕೊಮ್ಮೆ ಗಡಿ ದಾಟುವ ದೇವರು

ಅರಮನೆಯ ಕೊನೆಯ ಭಾಗದಲ್ಲಿ ನವರಾತ್ರಿ ಮಂಟಪ. ಇಲ್ಲಿ ಮರವಲ್ಲ, ಕಲ್ಲಿನ ಕಂಬಗಳು, ಹೊಳೆಯುವ ಕಪ್ಪು ನೆಲ. ರಾಜಮನೆತನದ ಹೆಂಗಸರು ಮರೆಯಲ್ಲಿ ಕೂತು ಸಂಗೀತ, ನೃತ್ಯ ನೋಡಲು ಮರದ ಜಾಲಂಧ್ರದ ಕೋಣೆ. ಪಕ್ಕದಲ್ಲಿ ಸರಸ್ವತಿಯ ಗುಡಿ. ಆ ಮೂರ್ತಿ ತಮಿಳು ಕವಿ ಕಂಬನು ಪೂಜಿಸಿದ್ದು ಎಂದು ಐತಿಹ್ಯ.

ರಾಜಧಾನಿ ತಿರುವನಂತಪುರಕ್ಕೆ ಹೋದ ಮೇಲೆ ನವರಾತ್ರಿ ಪೂಜೆಯೂ ಅಲ್ಲಿಗೆ ಹೋಯಿತು. ಆದರೆ ದೇವರು ಮನೆ ಬದಲಿಸಲಿಲ್ಲ. ಪ್ರತಿ ವರ್ಷ ನವರಾತ್ರಿಗೆ ಮೊದಲು ಸರಸ್ವತಿ ಇಲ್ಲಿಂದ ಆನೆಯ ಮೇಲೆ ಹೊರಡುತ್ತಾಳೆ. ಕುಮಾರಕೋವಿಲ್‌ನ ಕುಮಾರಸ್ವಾಮಿ, ಶುಚೀಂದ್ರದ ಮುನ್ನೂಟ್ಟಿ ನಂಗೈ ಜೊತೆಗೂಡುತ್ತಾರೆ. ಉಪ್ಪರಿಗೆ ಮಾಳಿಗೆಯಲ್ಲಿ ಇಟ್ಟಿರುವ ರಾಜನ ಕತ್ತಿಯನ್ನು ಹೊರಗೆ ತೆಗೆದು ಕೊಟ್ಟ ಮೇಲೆಯೇ ಮೆರವಣಿಗೆ. ಎರಡೂ ರಾಜ್ಯಗಳ ಅಧಿಕಾರಿಗಳು ಹಾಜರಿರುತ್ತಾರೆ. ಕಾಲ್ನಡಿಗೆಯಲ್ಲಿ ಕುಳಿತ್ತುರೈ, ನೆಯ್ಯಾಟ್ಟಿನಕರದಲ್ಲಿ ರಾತ್ರಿ ತಂಗಿ ಹೋಗುತ್ತಾರೆ. ನಡುವೆ ಕಳಿಯಿಕ್ಕಾವಿಳದಲ್ಲಿ ಗಡಿ. ಅಲ್ಲಿ ಕೇರಳದ ಪೊಲೀಸರು ಗೌರವ ವಂದನೆ ಕೊಟ್ಟು ದೇವರನ್ನು ಬರಮಾಡಿಕೊಳ್ಳುತ್ತಾರೆ. ತಿರುವನಂತಪುರದಲ್ಲಿ ಸರಸ್ವತಿ ಕೋಟೆಯೊಳಗಿನ ನವರಾತ್ರಿ ಮಂಟಪದಲ್ಲಿ, ಕುಮಾರಸ್ವಾಮಿ ಆರ್ಯಶಾಲೆಯಲ್ಲಿ, ಮುನ್ನೂಟ್ಟಿ ನಂಗೈ ಚೆಂತಿಟ್ಟದಲ್ಲಿ ಇದ್ದು, ಹಬ್ಬ ಮುಗಿದ ಮೇಲೆ ಬಂದ ದಾರಿಯಲ್ಲೇ ವಾಪಸ್. ಗಡಿರೇಖೆ ಬಂದ ಮೇಲೂ ಈ ಪದ್ಧತಿ ನಿಂತಿಲ್ಲ.

ನಮ್ಮಲ್ಲಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು, ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳ ಬಗ್ಗೆಯೂ ಹೇಳಿತು. ಅದು ಜಾರಿಯಾಗಲಿಲ್ಲ. ಗೆರೆಯ ಮಾತು ಬಂದಾಗಲೆಲ್ಲ ನಾವು ನೆಲದ ಲೆಕ್ಕ ಮಾಡುತ್ತೇವೆ. ಗೆರೆಯ ಆಚೆ ಉಳಿದ ಹಳೆಯ ಗುಡಿ, ಶಾಸನ, ಅರಮನೆಯನ್ನು ಯಾರು ಕಾಯಬೇಕು, ಯಾವ ಭಾಷೆಯಲ್ಲಿ ವಿವರಿಸಬೇಕು ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಇಲ್ಲ. ಪದ್ಮನಾಭಪುರದಲ್ಲಿ ಒಂದು ಉತ್ತರ ನಡೆದುಕೊಂಡು ಬಂದಿದೆ.

ಹೋಗುವವರಿಗೆ

ಸೋಮವಾರ ರಜೆ. ರಾಷ್ಟ್ರೀಯ ರಜಾದಿನಗಳಲ್ಲೂ ಮುಚ್ಚಿರುತ್ತದೆ. ಬೆಳಿಗ್ಗೆ 9ಕ್ಕೆ ತೆರೆಯುತ್ತದೆ, ಮಧ್ಯಾಹ್ನ 1ರಿಂದ 2ರವರೆಗೆ ಊಟದ ಬಿಡುವು, ಸಂಜೆ ನಾಲ್ಕೂವರೆ ಹೊತ್ತಿಗೆ ಟಿಕೆಟ್ ನಿಲ್ಲುತ್ತದೆ. ಕ್ಯಾಮರಾಕ್ಕೆ ಬೇರೆ ಟಿಕೆಟ್. ಬೆಳಿಗ್ಗೆ ಬೇಗ ಹೋದರೆ ಕೋಣೆಗಳಲ್ಲಿ ನೂಕುನುಗ್ಗಲು ಕಡಿಮೆ. ಸಾವಕಾಶವಾಗಿ ನೋಡಲು ಎರಡು ಗಂಟೆ ಬೇಕು. ಮೊಣಕಾಲು ನೋವಿನ ಹಿರಿಯರಿಗೆ ಕಡಿದಾದ ಮರದ ಏಣಿಗಳು ಕಷ್ಟ, ಅಂಥವರು ಕೆಳಗಿನ ಚಾವಡಿ, ಊಟ್ಟುಪುರ, ಮ್ಯೂಸಿಯಂ ನೋಡಿಕೊಳ್ಳಬಹುದು.

ತಿರುವನಂತಪುರದಿಂದ ಸುಮಾರು 55 ಕಿಲೋಮೀಟರು, ಬಸ್ಸಿಗೆ ಎರಡು ಗಂಟೆ ಇಟ್ಟುಕೊಳ್ಳಿ. ನಾಗರಕೋವಿಲ್‌ನಿಂದ ಮುಕ್ಕಾಲು ಗಂಟೆಯ ದಾರಿ. ಹತ್ತಿರದ ರೈಲು ನಿಲ್ದಾಣ ಇರಣಿಯಲ್, ಆದರೆ ಎಲ್ಲ ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ. ನಾಗರಕೋವಿಲ್ ಅನುಕೂಲ. ಮಂಗಳೂರಿನಿಂದ ಕಾಸರಗೋಡು ಮೂಲಕ, ಬೆಂಗಳೂರಿನಿಂದ ಹೊಸೂರು ಮೂಲಕ, ಮುಂಬಯಿಯಿಂದ ಸೊಲ್ಲಾಪುರ, ಗುಂತಕಲ್ ಮೂಲಕ ಆ ಕಡೆಗೆ ರೈಲುಗಳಿವೆ. ದಿನ ಮತ್ತು ಸಮಯ ಹೊರಡುವ ಮುಂಚೆ ನೋಡಿಕೊಳ್ಳಿ.

ಸಮಯ ಉಳಿದರೆ ಎರಡು ಜಾಗ. ಅರಮನೆಯ ಬಳಿಯಲ್ಲೇ ರಾಮಸ್ವಾಮಿ ದೇವಸ್ಥಾನ, ಅಲ್ಲಿ ಮರದ ಹಲಗೆಗಳ ಮೇಲೆ ರಾಮಾಯಣದ ಕತೆ ಕೆತ್ತಿದ್ದಾರೆ. ಇನ್ನೊಂದು, ನಾಗರಕೋವಿಲ್ ಹೆದ್ದಾರಿಯ ಪಕ್ಕ ಪುಲಿಯೂರ್‌ಕುರಿಚ್ಚಿಯಲ್ಲಿರುವ ಉದಯಗಿರಿ ಕೋಟೆ. ಕುಳಚ್ಚಲ್‌ನಲ್ಲಿ ಸೋತು ಸೆರೆಸಿಕ್ಕ ಡಚ್ ಸೇನಾನಿ ಡಿ ಲನಾಯ್ ಆಮೇಲೆ ಮಾರ್ತಾಂಡ ವರ್ಮನದೇ ಸೈನ್ಯಕ್ಕೆ ತರಬೇತಿ ಕೊಟ್ಟು ದೊಡ್ಡ ದಳಪತಿಯಾದ. 1777ರಲ್ಲಿ ತೀರಿಕೊಂಡ ಅವನ ಗೋರಿ ಆ ಕೋಟೆಯೊಳಗಿನ ಮಾಡಿಲ್ಲದ ಹಳೆಯ ಚರ್ಚಿನಲ್ಲಿದೆ. ಗೋರಿಯ ಕಲ್ಲಿನ ಮೇಲೆ ಬರಹ ಲ್ಯಾಟಿನ್ ಮತ್ತು ತಮಿಳು, ಎರಡು ಭಾಷೆಯಲ್ಲಿದೆ.